ಎರಡೂವರೆ ಮಿಲಿಮೀಟರ್ ಮಣಿ, ಚಿಕ್ಕಮ್ಮನ ಮಂಡಿ

ಈಸೂರು ಅಂತ ಊರಿನ ಹೆಸರು ಹೇಳಿದ ತಕ್ಷಣ ಕಾಲೇಜಿನಲ್ಲಿ ಅರ್ಧ ಜನ "ಓಹೋ, ಏಸೂರು ಕೊಟ್ಟರೂ ಈಸೂರು ಕೊಡೆವು!" ಅಂತಾರೆ. ಇನ್ನರ್ಧ ಜನ "ಎಲ್ಲಪ್ಪಾ ಅದು?" ಅಂತಾರೆ. ಎರಡನೆಯವರಿಗೆ ಉತ್ತರ: ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು. 1942ರಲ್ಲಿ ನಮ್ಮದು ಸ್ವತಂತ್ರ ಊರು ಅಂತ ಘೋಷಿಸಿ ತನ್ನದೇ ಸರ್ಕಾರ ಮಾಡಿಕೊಂಡ ಹಳ್ಳಿ. ಇದನ್ನು ಬರೀತಿರೋ ಮೂವರಲ್ಲಿ ಇಬ್ಬರು ಅಲ್ಲಿಯವರು, ಅಣ್ಣತಮ್ಮಂದಿರ ಮಕ್ಕಳು. ಮೂರನೆಯವನು ಪಕ್ಕದ ಸೊರಬ ತಾಲ್ಲೂಕಿನವನು. ಒಬ್ಬ ಬಯೋಟೆಕ್, ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ರೂಮು ಒಂದೇ, ಬಕೆಟ್ಟೂ ಒಂದೇ. ಹಾಗಾಗಿ ಇಲ್ಲಿ "ನಾವು" ಅಂತ ಬಂದಲ್ಲೆಲ್ಲ ಅದರ ಹಿಂದೆ ಒಂದು ಜಗಳ ನಡೆದು ಇತ್ಯರ್ಥ ಆಗಿದೆ ಅಂತ ತಿಳ್ಕೊಳ್ಳಿ.

ಕ್ಲಬ್ಬಿನವರು "ಟೆಕ್ನಿಕಲ್ ವಿಷಯ ಬರೀರಿ, ಆದ್ರೆ ಊರಲ್ಲಿ ಓದಿ ಹೇಳೋ ಹಾಗಿರಲಿ" ಅಂದರು. ನಮಗೆ ಹೊಳೆದದ್ದು ಒಂದೇ. ಕಳೆದ ಎಂಟು ತಿಂಗಳಿಂದ ನಮ್ಮ ರೂಮಿನಲ್ಲಿ ಕ್ರಿಕೆಟ್ಟಿಗಿಂತ ಹೆಚ್ಚು ಚರ್ಚೆ ಆಗಿರೋದು ಆಟೋಇಮ್ಯೂನ್ ಕಾಯಿಲೆಗಳ ಬಗ್ಗೆ. ಅಂದ್ರೆ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನಮ್ಮ ದೇಹವನ್ನು ಶತ್ರು ಅಂತ ತಿಳಿದು ಹೊಡೆಯೋ ಕಾಯಿಲೆಗಳು. ಅವುಗಳಿಗೆ ಔಷಧದ ಬದಲು ಜೀವಕೋಶಗಳನ್ನೇ ಕಳಿಸಿ ಸಮಾಧಾನ ಮಾಡಿಸಬಹುದಾ, ಆ ಕೋಶಗಳನ್ನು ಯಾವ ಡಬ್ಬಿಯಲ್ಲಿ ಹಾಕಿ ಕಳಿಸಬೇಕು ಅನ್ನೋದು ಚರ್ಚೆ. ಈ "ಡಬ್ಬಿ"ಗೆ ಪುಸ್ತಕದಲ್ಲಿ ಬಯೋಮೆಟೀರಿಯಲ್ ಅಂತಾರೆ. ಜೀವಶಾಸ್ತ್ರ ಅಂತ ಪುಟ ತಿರುಗಿಸಬೇಡಿ. ಮುಂದೆ ಡಿಫ್ಯೂಷನ್ ಇದೆ, ಸರ್ಫೇಸ್ ಟೆನ್ಷನ್ ಇದೆ, ಎಲ್ಲ ನಿಮ್ಮ ಸಿಲಬಸ್ಸೇ.

ಇದೆಲ್ಲ ಶುರುವಾದದ್ದು ಚಿಕ್ಕಮ್ಮನಿಂದ. ನಮ್ಮಲ್ಲಿ ಇಬ್ಬರಿಗೆ ಸ್ವಂತ ಚಿಕ್ಕಮ್ಮ. ಸೊರಬದವನೂ ಅವರ ಕೈಯ ಅಕ್ಕಿರೊಟ್ಟಿ ತಿಂದು ತಿಂದು ಚಿಕ್ಕಮ್ಮ ಅಂತಲೇ ಕರೀತಾನೆ. ಅಡಿಕೆ ಸುಲಿಯೋದರಲ್ಲಿ ನಮ್ಮ ಕಡೆ ಅವರದ್ದು ಎತ್ತಿದ ಕೈ. ಸುಗ್ಗಿಯ ದಿನಗಳಲ್ಲಿ ಸಂಜೆ ಹೊತ್ತು ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದರವರೆಗೆ ಏಳ್ತಿರಲಿಲ್ಲ. ಸುಲಿಯೋ ಮೆಷಿನ್ ಬಂದ ಮೇಲೂ ಕೈಸುಲಿತದ ಅಡಿಕೆಯೇ ಬೇಕು ಅನ್ನೋ ತೋಟದವರು ಅವರನ್ನೇ ಕರೀತಿದ್ರು. ಐದಾರು ವರ್ಷದ ಹಿಂದೆ ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗ್ತಾ ಇಲ್ಲ ಅಂದ್ರು. ಒಂದೂವರೆ ಗಂಟೆ ಬಿಸಿನೀರಲ್ಲಿ ಕೈ ಅದ್ದಿಟ್ಟ ಮೇಲೆ ಸಡಿಲ ಆಗೋದು. ಆಮೇಲೆ ಮಣಿಕಟ್ಟು, ಆಮೇಲೆ ಎರಡೂ ಮಂಡಿ. ಎಲ್ಲರೂ "ವಾಯು" ಅಂದ್ರು. ಎರಡು ವರ್ಷ ಎಣ್ಣೆ, ನೋವಿನ ಮಾತ್ರೆ, ಪಥ್ಯ. ಒಬ್ಬ ಡಾಕ್ಟರು "ವಯಸ್ಸಾಯ್ತಲ್ಲಮ್ಮ" ಅಂತ ಕಳಿಸಿಬಿಟ್ರು. ಆಗ ಅವರ ವಯಸ್ಸು 38. ಕೊನೆಗೆ ಶಿವಮೊಗ್ಗದಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು: ರುಮಟಾಯ್ಡ್ ಆರ್ಥ್ರೈಟಿಸ್. ಕೀಲಿನ ಒಳಗಿನ ತೆಳುಪೊರೆಯನ್ನು ಅವರದೇ ಬಿಳಿರಕ್ತಕಣಗಳು ತಿಂತಾ ಇದ್ದವು. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು ಕಾಣಿಸೋ ಕಾಯಿಲೆ ಇದು.

ಚಿಕಿತ್ಸೆ ಇದೆ, ಚೆನ್ನಾಗೇ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ನಮ್ಮನೆಯಲ್ಲಿ ಅದರ ಹೆಸರು "ಭಾನುವಾರದ ಮಾತ್ರೆ", ಅಪ್ಪಿತಪ್ಪಿ ದಿನಾ ನುಂಗಿದರೆ ವಿಷ ಅಂತ ಡಾಕ್ಟರು ಹೆದರಿಸಿದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಬೇರೆ ದಿನ ಫೋಲಿಕ್ ಆಮ್ಲ. ನೋವು ಕೆರಳಿದಾಗ ಸ್ಟೀರಾಯ್ಡ್. ಕೆಲವು ತಿಂಗಳಿಗೊಮ್ಮೆ ಲಿವರ್, ರಕ್ತ ಪರೀಕ್ಷೆ, ಅದಕ್ಕೊಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಮಾತ್ರೆಯಿಂದ ಅವರು ಮತ್ತೆ ನಡೆಯೋ ಹಾಗಾದ್ರು. ಅದನ್ನು ಮರೆತು ಬರೆಯೋದು ಸರಿಯಲ್ಲ.

ಆದರೆ ಕಳೆದ ವರ್ಷ ಜ್ವರ ಬಂತು. ಜ್ವರ ಇಳಿಯೋವರೆಗೆ ಮಾತ್ರೆ ನಿಲ್ಲಿಸಿ ಅಂದ್ರು. ನಿಲ್ಲಿಸಿದರೆ ಕೀಲು ಕೆರಳ್ತದೆ. ಶುರು ಮಾಡಿದರೆ ಜ್ವರದ ಜೊತೆ ಹೋರಾಡೋ ಶಕ್ತಿ ಕಮ್ಮಿ ಆಗ್ತದೆ. ಮೂರು ವಾರ ಚಿಕ್ಕಮ್ಮ ಎರಡರ ನಡುವೆ ಸಿಕ್ಕಿಕೊಂಡು ಮಲಗಿದ್ರು. ನಮಗೆ ಈ ವಿಷಯ ತಲೆಗೆ ಹತ್ತಿದ್ದು ಆ ಮೂರು ವಾರದಲ್ಲಿ.

ನಮ್ಮ ಕಡೆಯವರಿಗೆ ಇದು ಬರೀ ಥಿಯರಿ ಅಲ್ಲ. ಮಂಗನ ಕಾಯಿಲೆಗೆ ಪುಸ್ತಕದಲ್ಲಿರೋ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆ ಕ್ಯಾಸನೂರು ಇರೋದು ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲೇ ಅದನ್ನು ಗುರುತಿಸಿದ್ದು. ಬೇಸಿಗೆ ಹತ್ತಿರ ಬಂದರೆ ಸೊಪ್ಪು-ಸೌದೆಗೆ ಕಾಡಿಗೆ ಹೋದವರು ಮೈಗೆ ಉಣುಗು ಹತ್ತಿದೆಯಾ ಅಂತ ನೋಡಿಕೊಳ್ಳಬೇಕಾದ ಸೀಮೆ ನಮ್ಮದು. ಇಂಥ ಕಡೆ ಇಡೀ ಮೈಯ ಕಾವಲನ್ನೇ ಸಡಿಲ ಮಾಡ್ತೀವಿ ಅಂದ್ರೆ ಯೋಚನೆ ಮಾಡಬೇಕಾಗ್ತದೆ. ಇನ್ನೂ ಬಲವಾದ ಟಿಎನ್‌ಎಫ್ ತಡೆಯೋ ಇಂಜೆಕ್ಷನ್‌ಗಳಿವೆ. ಅವನ್ನು ಕೊಡೋ ಮೊದಲು ಕ್ಷಯ ಮೈಯಲ್ಲಿ ಅಡಗಿದೆಯಾ ಅಂತ ಪರೀಕ್ಷೆ ಮಾಡ್ತಾರೆ, ಯಾಕಂದ್ರೆ ಮಲಗಿದ್ದ ಕ್ಷಯ ಎದ್ದು ಬರಬಹುದು.

ಊರಿನ ಇತಿಹಾಸದಿಂದಲೇ ಒಂದು ಮಾತು ಹೇಳ್ತೀವಿ. 1942ರ ಸೆಪ್ಟೆಂಬರ್ ಕೊನೆಯಲ್ಲಿ ಈಸೂರಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಸತ್ತರು. ಆಮೇಲೆ ಪಡೆ ಊರಿಗೆ ನುಗ್ಗಿತು. ಯಾರು ಅಲ್ಲಿದ್ರು, ಯಾರು ಇರಲಿಲ್ಲ ಅಂತ ವಿಚಾರಿಸಲಿಲ್ಲ. ಮನೆಗಳು ಲೂಟಿಯಾದವು, ಜನ ಮಕ್ಕಳನ್ನು ಎತ್ತಿಕೊಂಡು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ನಮ್ಮ ಮನೆಯ ಹಿರಿಯರು ಆ ಕಥೆ ಹೇಳುವಾಗ ಗಲ್ಲಿನ ಮಾತಿಗಿಂತ ಹೆಚ್ಚು ಹೊತ್ತು ಹೇಳ್ತಿದ್ದದ್ದು ಇಡೀ ಊರನ್ನೇ ದಂಡಿಸಿದ್ದರ ಬಗ್ಗೆ. ಸ್ಟೀರಾಯ್ಡ್ ಕೆಲಸ ಮಾಡೋ ರೀತಿಯನ್ನು ಬಯೋಟೆಕ್‌ನವನು ವಿವರಿಸಿದಾಗ ಉಳಿದಿಬ್ಬರಿಗೆ ನೆನಪಾದದ್ದು ಅದೇ. ತಪ್ಪು ಮಾಡ್ತಿರೋ ಕೋಶ ಯಾವುದು, ಪಾಪದ ಕೋಶ ಯಾವುದು ಅಂತ ಅದು ಕೇಳೋದಿಲ್ಲ.

ಕೇಳಿ ನೋಡಿ ಕೆಲಸ ಮಾಡೋ ಕೋಶಗಳು ನಮ್ಮ ಮೈಯಲ್ಲೇ ಇವೆ. ಹೆಸರು ರೆಗ್ಯುಲೇಟರಿ ಟಿ ಕೋಶ, ಚಿಕ್ಕದಾಗಿ ಟಿ-ರೆಗ್. ಜಗಳ ವಿಪರೀತಕ್ಕೆ ಹೋದಾಗ ಮಧ್ಯೆ ಬಂದು ಕೈ ಹಿಡಿಯೋ ಹಿರಿಯರ ಹಾಗೆ. ಜಪಾನಿನ ಶಿಮೋನ್ ಸಾಕಾಗುಚಿ 1995ರಲ್ಲಿ ಇವನ್ನು ಗುರುತಿಸಿದಾಗ ಹೆಚ್ಚಿನವರು ನಂಬಲಿಲ್ಲ. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಒಂದು ರೋಗಪೀಡಿತ ಇಲಿ ತಳಿಯಲ್ಲಿ ಫಾಕ್ಸ್‌ಪಿ3 ಅನ್ನೋ ಜೀನ್ ಕೆಟ್ಟಿರೋದನ್ನು ತೋರಿಸಿದರು. ಟಿ-ರೆಗ್ ತಯಾರಾಗೋಕೆ ಬೇಕಾದದ್ದು ಅದೇ ಜೀನ್ ಅಂತ ಆಮೇಲೆ ಗೊತ್ತಾಯ್ತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು.

ಹಾಗಾದ್ರೆ ರೋಗಿಯ ರಕ್ತದಿಂದ ಟಿ-ರೆಗ್ ತೆಗೆದು, ಲ್ಯಾಬಿನಲ್ಲಿ ಸಾವಿರ ಪಟ್ಟು ಬೆಳೆಸಿ, ವಾಪಸ್ ಸೂಜಿಯಲ್ಲಿ ಹಾಕಿದರೆ ಮುಗೀತಲ್ಲ? ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಜೆಫ್ರಿ ಬ್ಲೂಸ್ಟೋನ್ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೈಪ್ 1 ಡಯಾಬಿಟಿಸ್ ಇದ್ದ 14 ಜನರಿಗೆ, ಒಬ್ಬರಿಗೆ 260 ಕೋಟಿ ಕೋಶಗಳವರೆಗೆ ಕೊಟ್ಟರು. ತೊಂದರೆ ಆಗಲಿಲ್ಲ. ಆದರೆ ಒಂದು ವರ್ಷದ ಹೊತ್ತಿಗೆ ರಕ್ತದಲ್ಲಿ ಉಳಿದದ್ದು ಗರಿಷ್ಠ ಮಟ್ಟದ ಕಾಲುಭಾಗದಷ್ಟು. ರಕ್ತಕ್ಕೆ ಬಿಟ್ಟ ಕೋಶಗಳಲ್ಲಿ ಎಷ್ಟು ಬೇಕಾದ ಜಾಗ ತಲುಪ್ತಾವೆ? ಮೆಜೆಸ್ಟಿಕ್‌ನಲ್ಲಿ ಇಳಿದವರೆಲ್ಲ ಒಂದೇ ಮನೆಗೆ ಹೋಗ್ತಾರಾ?

ನೇರವಾಗಿ ಮಂಡಿಗೇ ಕೊಟ್ಟು ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಐಸಾಕ್ಸ್ ತಂಡ, ಸಹನೆ ಕಲಿಸೋ ಥರ ತಯಾರಿಸಿದ ಡೆಂಡ್ರಿಟಿಕ್ ಕೋಶಗಳನ್ನು ಸಂಧಿವಾತದವರ ಉಬ್ಬಿದ ಮಂಡಿಯೊಳಗೆ ಹಾಕಿತು: ಕೆಲವರಿಗೆ 10 ಲಕ್ಷ, ಕೆಲವರಿಗೆ 30 ಲಕ್ಷ, ಕೆಲವರಿಗೆ 1 ಕೋಟಿ ಕೋಶ. 2017ರಲ್ಲಿ ಪ್ರಕಟವಾದ ಫಲಿತಾಂಶ: ಅಪಾಯ ಇಲ್ಲ, ಹೆಚ್ಚು ಡೋಸ್ ಪಡೆದವರಲ್ಲಿ ಇಬ್ಬರ ಮಂಡಿ ಸ್ಥಿರವಾಯ್ತು. ಸಣ್ಣ ಪ್ರಯೋಗ, ದೊಡ್ಡ ಮಾತಾಡುವಂತಿಲ್ಲ. ಆದರೂ "ಮಂಡಿ" ಅನ್ನೋ ಪದ ಓದಿದಾಗ ನಾವು ಮೂವರೂ ಸುಮ್ಮನಾದೆವು.

ಉರಿ ಹತ್ತಿರೋ ಮಂಡಿ ಕೋಶಕ್ಕೆ ಒಳ್ಳೇ ಜಾಗ ಅಲ್ಲ. ಆಮ್ಲಜನಕ ಕಮ್ಮಿ, ಸುತ್ತ ಕೆರಳಿಸೋ ರಾಸಾಯನಿಕಗಳು, ಹಿಡ್ಕೊಂಡು ನಿಲ್ಲೋಕೆ ಏನೂ ಇಲ್ಲ. ಕೆರಳಿದ ಜಾಗದಲ್ಲಿ ಟಿ-ರೆಗ್ ತನ್ನ ಗುಣ ಕಳಕೊಂಡು ಎದುರು ಪಾರ್ಟಿ ಸೇರೋದೂ ಉಂಟು. ಬರಿಗೈಯಲ್ಲಿ ಕಳಿಸಿದರೆ ಆಗೋದಿಲ್ಲ. ಅದಕ್ಕೊಂದು ಹಾಸ್ಟೆಲ್ ಬೇಕು: ಇರೋಕೆ ಜಾಗ, ಊಟ, ವಾರ್ಡನ್ ಥರ ದಾರಿ ತಪ್ಪದ ಹಾಗೆ ನೋಡೋ ಸಂಕೇತಗಳು, ಮತ್ತು ಕೆಲಸಕ್ಕೆ ಹೊರಗೆ ಹೋಗೋಕೆ ಬಾಗಿಲು.

ಇಂಥ ಹಾಸ್ಟೆಲ್ ಕಟ್ಟೋ ಸಾಮಾನುಗಳ ಪಟ್ಟಿ ನೋಡಿದರೆ ಸಂತೆಗೆ ಹೋದ ಹಾಗಿದೆ. ಕಂದು ಕಡಲಪಾಚಿಯಿಂದ ಆಲ್ಜಿನೇಟ್, ಸಿಗಡಿ-ಏಡಿ ಚಿಪ್ಪಿನಿಂದ ಕೈಟೊಸಾನ್, ರೇಷ್ಮೆ ಗೂಡನ್ನು ಕುದಿಸಿ ಅಂಟು ತೆಗೆದ ಮೇಲೆ ಉಳಿಯೋ ಫೈಬ್ರಾಯಿನ್ (ರಾಮನಗರದವರು ಹೆಮ್ಮೆ ಪಡಬಹುದು). ಕಾರ್ಖಾನೆಯದ್ದು ಅಂದ್ರೆ ಪಿಎಲ್‌ಜಿಎ ಅನ್ನೋ ಪಾಲಿಮರ್. ಅದು ಮೈಯೊಳಗೆ ನಿಧಾನವಾಗಿ ಕರಗಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲ ಆಗ್ತದೆ. ಮೈ ಅದನ್ನು ಸಲೀಸಾಗಿ ಹೊರಹಾಕ್ತದೆ.

ಈ ಸಾಲಿನಲ್ಲಿ ನಮ್ಮ ತಲೆಯಲ್ಲಿ ಕೂತ ಪ್ರಯೋಗ ಅಮೆರಿಕದ ಲಾನ್ನಿ ಶೇ ಮತ್ತು ಸಂಗಡಿಗರದ್ದು, 2013ರದ್ದು. ತಾನಾಗೇ ಡಯಾಬಿಟಿಸ್ ಬರೋ ಇಲಿ ತಳಿಯೊಂದಿದೆ. ಸ್ಪಂಜಿನಂಥ ಪಾಲಿಮರ್ ಚೌಕಟ್ಟಿನಲ್ಲಿ ಇನ್ಸುಲಿನ್ ಮಾಡೋ ಐಲೆಟ್‌ಗಳನ್ನೂ ಟಿ-ರೆಗ್‌ಗಳನ್ನೂ ಒಟ್ಟಿಗೆ ಕೂರಿಸಿ ಆ ಇಲಿಗಳಿಗೆ ಹಾಕಿದರು. ಐಲೆಟ್ ಉಳಿದವು. ಅಷ್ಟೇ ಅಲ್ಲ, ಹೊರಗಿನಿಂದ ಬಂದ ಟಿ-ರೆಗ್‌ಗಳನ್ನು ನೋಡಿ ಇಲಿಯ ಸ್ವಂತ ಟಿ-ರೆಗ್‌ಗಳು ಅಲ್ಲಿ ಬಂದು ಸೇರಿಕೊಂಡವು, ಸಹನೆ ಇಡೀ ಮೈಗೆ ಹಬ್ಬಿತು. ಒಂದು ಕಡೆ ರಾಜಿ ಮಾಡಿಸಿದರೆ ಊರಿಗೆಲ್ಲ ಸುದ್ದಿ ಮುಟ್ಟಿದ ಹಾಗೆ.

ಇನ್ನು ನಮ್ಮ ಮಣಿಗಳ ಕಥೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀವಿ, ಯಾಕಂದ್ರೆ ಜಗಳ ಹೆಚ್ಚಾದದ್ದು ಇಲ್ಲೇ.

ಆಲ್ಜಿನೇಟ್ ಮಣಿ ಮಾಡೋದು ಬಯೋಟೆಕ್ ಲ್ಯಾಬಿನಲ್ಲಿ ಎಲ್ಲರೂ ಮಾಡೋ ಪ್ರಯೋಗ. 2 ಶೇಕಡಾ ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಯೀಸ್ಟ್ ಕಲಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬೀಳಿಸಬೇಕು. ಹನಿ ನೀರಿಗೆ ಬಿದ್ದ ಕ್ಷಣ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಪಾಲಿಮರ್ ಸರಪಳಿಗಳನ್ನು ಹೊಲಿದುಬಿಡ್ತದೆ, ಸಬ್ಬಕ್ಕಿ ಪಾಯಸದ ಕಾಳಿನ ಹಾಗೆ ಮಣಿ ತೇಲ್ತದೆ. 1980ರಲ್ಲಿ ಫ್ರಾಂಕ್ಲಿನ್ ಲಿಮ್ ಮತ್ತು ಆಂಥೊನಿ ಸನ್ ಇದೇ ಉಪಾಯದಿಂದ ಐಲೆಟ್‌ಗಳನ್ನು ಮಣಿಯೊಳಗಿಟ್ಟು ಇಲಿಗಳಿಗೆ ಹಾಕಿ, ಎರಡು-ಮೂರು ವಾರ ಡಯಾಬಿಟಿಸ್ ತಡೆದಿದ್ದರು. ನಮಗೆ ಇಲಿಯೂ ಇಲ್ಲ, ಟಿ-ರೆಗ್ಗೂ ಇಲ್ಲ. ಬೇಕರಿ ಯೀಸ್ಟ್ ಇತ್ತು.

22 ಗೇಜ್ ಸೂಜಿಯಲ್ಲಿ ಮಾಡಿದ ಮಣಿಯ ವ್ಯಾಸ ಸುಮಾರು 2.5 ಮಿಲಿಮೀಟರ್. ಎರಡು ದಿನ ಸಕ್ಕರೆ ನೀರಿನಲ್ಲಿಟ್ಟು, ಬ್ಲೇಡಿನಿಂದ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಅಂಚಿನಲ್ಲಿ ಯೀಸ್ಟ್ ಜಾತ್ರೆ. ನಡುವೆ ಅಲ್ಲೊಂದು ಇಲ್ಲೊಂದು. ಕೆಲವು ಮಣಿ ಒಳಗಿನ ಗ್ಯಾಸಿಗೆ ಬಿರುಕು ಬಿಟ್ಟಿದ್ದವು. ಆಮ್ಲಜನಕ ಇಲ್ಲದೆಯೂ ಬದುಕೋ ಯೀಸ್ಟಿನ ಗತಿಯೇ ಹೀಗಾದ್ರೆ ಟಿ ಕೋಶದ್ದು ಹೇಗೆ?

ಮೆಕ್ಯಾನಿಕಲ್‌ನವನು ಪೆನ್ನು ತೆಗೆದ. ಡಿಫ್ಯೂಷನ್‌ಗೆ ಹಿಡಿಯೋ ಸಮಯ ದೂರದ ವರ್ಗಕ್ಕೆ ಅನುಪಾತ. ನೀರಿನಲ್ಲಿ ಆಮ್ಲಜನಕದ ಡಿಫ್ಯೂಷನ್ ಗುಣಾಂಕ ಸೆಕೆಂಡಿಗೆ ಸುಮಾರು 2×10⁻⁹ ಚದರ ಮೀಟರ್. 0.1 ಮಿಲಿಮೀಟರ್ ದಾಟೋಕೆ 5 ಸೆಕೆಂಡ್ ಸಾಕು. ನಮ್ಮ ಮಣಿಯ ಅಂಚಿನಿಂದ ನಡುವಿಗೆ 1.25 ಮಿಲಿಮೀಟರ್: ಸುಮಾರು 13 ನಿಮಿಷ. ಅಷ್ಟರಲ್ಲಿ ದಾರಿಯಲ್ಲಿರೋ ಕೋಶಗಳೆಲ್ಲ ಉಸಿರಾಡಿ ಮುಗಿಸಿರ್ತಾವೆ, ನಡುವಿನವರಿಗೆ ಏನೂ ಉಳಿಯೋದಿಲ್ಲ. ಮದುವೆ ಊಟದ ಕೊನೇ ಪಂಕ್ತಿ ನೆನಪು ಮಾಡ್ಕೊಳ್ಳಿ. ಮೈಯಲ್ಲೂ ಇದೇ ಲೆಕ್ಕ: ಹೆಚ್ಚಿನ ಕೋಶಗಳು ರಕ್ತನಾಳದಿಂದ 100-200 ಮೈಕ್ರಾನ್ ಒಳಗೇ ಇರ್ತಾವೆ. ಹಾಗಾಗಿ ಮಣಿ ಸಣ್ಣದಾಗಲಿ ಅಂತ ಅವನ ತೀರ್ಪು.

ಬಯೋಟೆಕ್‌ನವನು ಒಪ್ಪಲಿಲ್ಲ. ಅವನ ಕೈಯಲ್ಲಿ 2015ರ ಒಂದು ಪೇಪರ್ ಇತ್ತು, ಎಂಐಟಿಯ ಓಮಿದ್ ವೈಸೆ, ಡೇನಿಯಲ್ ಆಂಡರ್ಸನ್ ಮುಂತಾದವರದ್ದು. ಮೈಯೊಳಗೆ ಹೊರಗಿನ ವಸ್ತು ಇಟ್ಟರೆ ನಿರೋಧಕ ಕೋಶಗಳು ಬಂದು ಸುತ್ತಲೂ ಗಾಯದ ಕಲೆಯಂಥ ಗಟ್ಟಿ ಪದರ ಕಟ್ಟಿ ಅದನ್ನು ಸಮಾಧಿ ಮಾಡ್ತಾವೆ. ಒಳಗಿರೋ ಕೋಶ ಉಸಿರುಕಟ್ಟಿ ಸಾಯ್ತದೆ. ಈ ತಂಡ ಬೇರೆ ಬೇರೆ ಗಾತ್ರದ ಗೋಲಿಗಳನ್ನು ಇಟ್ಟು ನೋಡಿತು. ಆಶ್ಚರ್ಯ ಏನಂದ್ರೆ, 1.5 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಗೋಲಿಗಳಿಗೆ ಈ ಸಮಾಧಿ ಬಹಳ ಕಮ್ಮಿ. ಆಲ್ಜಿನೇಟ್ ಅಷ್ಟೇ ಅಲ್ಲ, ಪ್ಲಾಸ್ಟಿಕ್, ಲೋಹ, ಸೆರಾಮಿಕ್‌ನಲ್ಲೂ ಹಾಗೇ. 1.5 ಮಿಲಿಮೀಟರ್ ಮಣಿಯೊಳಗಿನ ಐಲೆಟ್‌ಗಳು ಡಯಾಬಿಟಿಸ್ ಇದ್ದ ಇಲಿಗಳ ಸಕ್ಕರೆಯನ್ನು 180 ದಿನದವರೆಗೂ ಹಿಡಿದಿಟ್ಟವು. 0.5 ಮಿಲಿಮೀಟರ್ ಮಣಿಗಿಂತ ಐದು ಪಟ್ಟಿಗೂ ಹೆಚ್ಚು ಕಾಲ.

ಸಣ್ಣದಾದ್ರೆ ಹೊರಗಿನವರು ಹೂಳ್ತಾರೆ, ದೊಡ್ಡದಾದ್ರೆ ಒಳಗಿನವರು ಉಸಿರುಕಟ್ತಾರೆ. ನಮಗೆ ಈ ವಿಷಯದ ಮೇಲೆ ಪ್ರೀತಿ ಬಂದದ್ದೇ ಈ ಇಕ್ಕಟ್ಟಿನಿಂದ. ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿಲ್ಲ.

ಇನ್ನೊಂದು ತೊಡಕು. ಐಲೆಟ್ ಮಣಿಯೊಳಗೇ ಕೂತು ಇನ್ಸುಲಿನ್ ಹೊರಗೆ ಕಳಿಸಿದರೆ ಸಾಕು, ವರ್ಕ್ ಫ್ರಮ್ ಹೋಮ್. ಟಿ-ರೆಗ್ ಹಾಗಲ್ಲ, ಹೊರಗೆ ಹೋಗಿ ಜಗಳಗಂಟಿಗಳನ್ನು ಮುಖತಃ ಭೇಟಿ ಮಾಡಬೇಕು. ಮಾಮೂಲಿ ಆಲ್ಜಿನೇಟ್ ಜಾಲದ ಕಿಂಡಿಗಳು ನ್ಯಾನೋಮೀಟರ್ ಲೆಕ್ಕದವು, ಟಿ ಕೋಶದ ಅಗಲ 7ರಿಂದ 10 ಮೈಕ್ರಾನ್. ಬಾಗಿಲೇ ಇಲ್ಲದ ಹಾಸ್ಟೆಲ್ ಆಯ್ತು. ಅದಕ್ಕೆ ಜೆಲ್ಲನ್ನು ಹೆಪ್ಪುಗಟ್ಟಿಸಿ ಒಣಗಿಸಿ ದೊಡ್ಡ ರಂಧ್ರಗಳ ಸ್ಪಂಜು ಮಾಡ್ತಾರೆ, ಕೋಶ ಹಿಡಿದು ನಡೆಯೋಕೆ ಗೋಡೆಗೆ ಪೆಪ್ಟೈಡ್ ಅಂಟಿಸ್ತಾರೆ. 2015ರಲ್ಲಿ ಮಥಿಯಾಸ್ ಸ್ಟೀಫನ್ ತಂಡ ಇಂಥ ಆಲ್ಜಿನೇಟ್ ಸ್ಪಂಜಿನಲ್ಲಿ ಟಿ ಕೋಶ ತುಂಬಿ ಇಲಿಗಳ ಕ್ಯಾನ್ಸರ್ ಗಡ್ಡೆ ತೆಗೆದ ಜಾಗದಲ್ಲಿ ಇಟ್ಟಿತ್ತು. ಅಲ್ಲಿ ಹೊಡೆಯೋಕೆ ಕಳಿಸಿದರು, ನಮಗೆ ಬೇಕಾಗಿರೋದು ಬಿಡಿಸೋಕೆ. ಕಟ್ಟಡದ ಪ್ಲಾನ್ ಮಾತ್ರ ಹತ್ತಿರ ಹತ್ತಿರ ಒಂದೇ.

ಕೋಶವನ್ನೇ ಹೊರಗಿನಿಂದ ಕಳಿಸದೆ ಮೈಯಲ್ಲಿರೋದನ್ನೇ ಕರೆಸಿಕೊಳ್ಳೋ ದಾರಿಯೂ ಇದೆ. ಇದರಲ್ಲಿ ನಮ್ಮ ಬೆಂಗಳೂರಿನ ಹೆಸರಿದೆ. ಐಐಎಸ್‌ಸಿಯಲ್ಲಿ ಪ್ರಯೋಗಾಲಯ ನಡೆಸ್ತಿರೋ ಸಿದ್ಧಾರ್ಥ ಝುನ್‌ಝುನ್‌ವಾಲಾ, ಮೊದಲು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದಾಗ ಮಾಡಿದ ಕೆಲಸ 2012ರಲ್ಲಿ ಪ್ರಕಟವಾಗಿದೆ. ಕೆಲವು ಕ್ಯಾನ್ಸರ್ ಗಡ್ಡೆಗಳು ಸಿಸಿಎಲ್22 ಅನ್ನೋ ಅಣು ಬಿಟ್ಟು ಟಿ-ರೆಗ್‌ಗಳನ್ನು ತಮ್ಮ ಸುತ್ತ ಕರೆಸಿಕೊಂಡು ಬಚಾವಾಗ್ತಾವೆ. ಕಳ್ಳನ ಉಪಾಯವನ್ನೇ ಒಳ್ಳೇದಕ್ಕೆ ಬಳಸೋಣ ಅಂತ, ಅದೇ ಅಣುವನ್ನು ಪಿಎಲ್‌ಜಿಎ ಕಣದೊಳಗೆ ತುಂಬಿ ನಿಧಾನಕ್ಕೆ ಸೋರೋ ಹಾಗೆ ಮಾಡಿದರು. ಕಣ ಇಟ್ಟ ಕಡೆಗೆ ಇಲಿಯ ಸ್ವಂತ ಟಿ-ರೆಗ್‌ಗಳು ಬಂದವು. ಮರುವರ್ಷ ಅದೇ ತಂಡ ಇಲಿ ಮತ್ತು ನಾಯಿಗಳ ವಸಡಿನ ರೋಗದಲ್ಲಿ ಮೂಳೆ ಸವೆಯೋದನ್ನು ಇದರಿಂದ ತಡೆಯಿತು. ಕೋಶ ಬೆಳೆಸೋ ಕಾರ್ಖಾನೆ ಬೇಡ, ದ್ರವ ಸಾರಜನಕದ ಡಬ್ಬ ಬೇಡ. ನಮ್ಮ ಮೂವರ ಓಟು ಸದ್ಯಕ್ಕೆ ಈ ದಾರಿಗೇ.

ಮಂಡಿಗೇ ನೇರವಾಗಿ ಮಾಡಿದವರು ಸ್ಯಾನ್ ಡಿಯೇಗೋದ ನಿಸರ್ಗ್ ಶಾ ತಂಡ. ವಿಟಮಿನ್ ಎ ವಂಶದ ರೆಟಿನೋಯಿಕ್ ಆಮ್ಲವನ್ನು ಪಿಎಲ್‌ಜಿಎ ಕಣದಲ್ಲಿ ತುಂಬಿ ಸಂಧಿವಾತದ ಇಲಿಯ ಕೀಲಿಗೆ ಹಾಕಿದರು. ಅಲ್ಲಿನ ಟಿ ಕೋಶಗಳು ಟಿ-ರೆಗ್ ಕಡೆಗೆ ವಾಲಿದವು, ಸೂಜಿ ಹಾಕದ ಕೀಲುಗಳ ಊತವೂ ಇಳಿಯಿತು. ಹಾರ್ವರ್ಡ್‌ನ ಸಮೀರ್ ಮಿತ್ರಗೋತ್ರಿ ತಂಡದ್ದು ಇನ್ನೂ ಮಜಾ: ಕೋಶದ ಬೆನ್ನಿಗೇ ಔಷಧದ ಚಪ್ಪಟೆ ಬ್ಯಾಗು ಅಂಟಿಸ್ತಾರೆ. ಗುಂಡಗಿದ್ರೆ ಕೋಶ ನುಂಗಿಬಿಡ್ತದೆ, ಚಪ್ಪಟೆ ಬಿಲ್ಲೆಯಾದ್ರೆ ನುಂಗೋಕೆ ಬರೋದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಮಾದರಿಯ ಇಲಿಗಳಲ್ಲಿ ಇದು ಕೆಲಸ ಮಾಡಿದೆ. ಆಕಾರ ಬದಲಾಯಿಸಿ ಜೀವಶಾಸ್ತ್ರ ಬದಲಾಯಿಸಬಹುದು ಅಂತ ಗೊತ್ತಾದ ದಿನ ಮೆಕ್ಯಾನಿಕಲ್‌ನವನ ಜಂಬ ನೋಡೋಕಾಗ್ತಿರಲಿಲ್ಲ.

ದುಡ್ಡಿನ ವಿಷಯ ಬಿಡೋ ಹಾಗಿಲ್ಲ. ಜರ್ಮನಿಯ ಎರ್ಲಾಂಗನ್‌ನಲ್ಲಿ ಗೇಯೋರ್ಗ್ ಶೆಟ್ ತಂಡ ಕಾರ್-ಟಿ ಕೋಶಗಳಿಂದ ಲೂಪಸ್ ಮುಂತಾದ ಆಟೋಇಮ್ಯೂನ್ ಕಾಯಿಲೆಯ 15 ಜನರಿಗೆ ಚಿಕಿತ್ಸೆ ಕೊಟ್ಟ ವರದಿ 2024ರಲ್ಲಿ ಬಂತು. ಎಲ್ಲರೂ ಹಳೇ ಮಾತ್ರೆಗಳನ್ನು ಬಿಟ್ಟರು. ನಮ್ಮ ದೇಶದಲ್ಲಿ ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್-ಟಿ 2025ರ ಆರಂಭದಲ್ಲಿ ಬಂತು. ಎರಡೂ ರಕ್ತದ ಕ್ಯಾನ್ಸರ್‌ಗೆ. ಅಮೆರಿಕದ ಬೆಲೆಯ ಎದುರು ನೆಕ್ಸ್‌ಕಾರ್ ಅಗ್ಗ, ಆದರೂ 40 ಲಕ್ಷ ರೂಪಾಯಿಯ ಆಸುಪಾಸು. ಚಿಕ್ಕಮ್ಮನ ಭಾನುವಾರದ ಮಾತ್ರೆಗೆ ತಿಂಗಳಿಗೆ ಆಗೋ ಖರ್ಚು ನಮ್ಮ ಒಂದು ಸಿನಿಮಾ, ಎರಡು ಪಾಪ್‌ಕಾರ್ನ್.

ದೀಪಾವಳಿಗೆ ಊರಿಗೆ ಹೋದಾಗ ಮಣಿಗಳನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ತಗೊಂಡು ಹೋಗಿದ್ವಿ. ಚಿಕ್ಕಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನ್ರಪ್ಪಾ ಇದು, ಮೀನಿನ ತತ್ತಿ ಇದ್ದಂಗೈತಿ."

"ಇದರೊಳಗೆ ಒಳ್ಳೇ ಕೋಶ ಇಟ್ಟು ಮಂಡಿಗೆ ಹಾಕೋದು ಚಿಕ್ಕಮ್ಮ. ಇನ್ನೂ ಯಾರಿಗೂ ಬಂದಿಲ್ಲ. ಬರೋಕೆ ಎಷ್ಟು ವರ್ಷ ಆಗ್ತದೋ."

"ಒಂದು ಸಲ ಚುಚ್ಚಿದ್ರೆ ಎಷ್ಟು ದಿನ ಬರ್ತೈತಿ? ಅಡಿಕೆ ಕೊಯ್ಲು ಶುರುವಾಗೋಕೆ ಮುಂಚೆ ಹಾಕಿಸ್ಕಂಡ್ರೆ ಮುಗಿಯೋ ತನಕ ನಿಲ್ತೈತಾ?"

ಇದಕ್ಕೆ ನಮ್ಮ ಹತ್ತಿರ ಉತ್ತರ ಇತ್ತು. ಪಿಎಲ್‌ಜಿಎಯಲ್ಲಿ ಎರಡು ಆಮ್ಲಗಳ ಪಾಲು ಅರ್ಧರ್ಧ ಇದ್ದರೆ ಒಂದೆರಡು ತಿಂಗಳಿಗೆ ಕರಗ್ತದೆ. ಲ್ಯಾಕ್ಟಿಕ್ ಪಾಲು 75ಕ್ಕೆ ಏರಿಸಿದರೆ ನಾಲ್ಕೈದು ತಿಂಗಳು. ಕೊಯ್ಲಿಗೆ ಸರಿಯಾಗಿ ಹೊಂದಿಸಬಹುದು. ಅವರು ತಲೆದೂಗಿದರು. ಆಮೇಲೆ ಕೇಳಿದ್ದು, ಇದನ್ನು ಶಿಕಾರಿಪುರದ ಆಸ್ಪತ್ರೆಯಲ್ಲೇ ಹಾಕ್ತಾರಾ, ಬೆಂಗಳೂರಿಗೆ ಹೋಗಬೇಕಾ, ಕರೆಂಟ್ ಹೋದ್ರೆ ಫ್ರಿಜ್ಜಿನಲ್ಲಿಟ್ಟದ್ದು ಕೆಡೋದಿಲ್ವಾ ಅಂತ. ಎಲೆಕ್ಟ್ರಾನಿಕ್ಸ್‌ನವನು ಅದನ್ನು ಬರ್ಕೊಂಡ. ಕೊನೆಗೆ ಬಾಟಲಿ ವಾಪಸ್ ಕೊಡ್ತಾ,

"ಸರಿ ಹೋಗ್ಲಿಲ್ಲ ಅಂದ್ರೆ ತೆಗಿಯೋಕೆ ಬರ್ತೈತೇನ್ರೋ? ಮಾತ್ರೆ ಆದ್ರೆ ನುಂಗೋದು ಬಿಟ್ರೆ ಆಯ್ತು. ಇದು ಒಳಗೆ ಹೋಗಿ ಕೂತ್ಕಂತಲ್ಲ."

ನಾವು ಅಷ್ಟು ತಿಂಗಳು ಓದಿದ್ದರಲ್ಲಿ ಗಾತ್ರ, ಗಟ್ಟಿತನ, ರಂಧ್ರ ಎಲ್ಲ ಇತ್ತು. ತೆಗೆಯೋ ಮಾತು ನಮ್ಮ ಮೂವರಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ವಾಪಸ್ ಬಂದು ಮಾಡಿದ ಮೊದಲ ಕೆಲಸ, ಮಣಿಗಳನ್ನು ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಹಾಕಿದ್ದು. ಸಿಟ್ರೇಟ್ ಕ್ಯಾಲ್ಸಿಯಂ ಕಿತ್ಕೊಳ್ತದೆ, ಹೊಲಿಗೆ ಬಿಚ್ಚಿ ಮಣಿ ಕಣ್ಣೆದುರೇ ನೀರಾಗ್ತದೆ. ಬೀಕರಿನಲ್ಲಿ ಸುಲಭ. ಮಂಡಿಯೊಳಗೆ ಅಷ್ಟು ಸಿಟ್ರೇಟ್ ಸುರಿಯೋ ಹಾಗಿಲ್ಲ. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ ಬೇಕಾದ ಗುಣಗಳ ಪಟ್ಟಿಯ ತಲೆಯ ಮೇಲೆ ಈಗ "ತೆಗೆಯೋಕೆ ಬರಬೇಕು" ಅಂತ ಕೆಂಪು ಇಂಕಿನಲ್ಲಿದೆ, ಗಾತ್ರ ಎರಡನೇ ಸಾಲಿಗೆ ಇಳಿದಿದೆ.

ಗಾತ್ರದ ಕೆಲಸವೂ ನಡೀತಿದೆ. ಸಣ್ಣ ಸೂಜಿ ಹಾಕಿದರೆ ಸಣ್ಣ ಮಣಿ ಬರ್ತದೆ ಅಂದ್ಕೊಳ್ಳಬೇಡಿ. ಸೂಜಿಯ ತುದಿಯಲ್ಲಿ ಹನಿಯ ತೂಕವನ್ನು ಸರ್ಫೇಸ್ ಟೆನ್ಷನ್ ಹಿಡಿದಿರ್ತದೆ. ಲೆಕ್ಕ ಹಾಕಿದರೆ ಹನಿಯ ವ್ಯಾಸ ಸೂಜಿಯ ವ್ಯಾಸದ ಘನಮೂಲಕ್ಕೆ ಅನುಪಾತ. ಸೂಜಿ ಅರ್ಧಕ್ಕಿಳಿದರೂ ಹನಿ ಸುಮಾರು 20 ಶೇಕಡಾ ಮಾತ್ರ ಕಿರಿದಾಗ್ತದೆ. ಹನಿಯನ್ನು ಬೇಗ ಕೀಳೋಕೆ ಹೈ ವೋಲ್ಟೇಜ್ ಬೇಕು, ಇಲ್ಲಾ ಸೂಜಿಯ ಸುತ್ತ ಗಾಳಿ ಬೀಸಬೇಕು. ಎಲೆಕ್ಟ್ರಾನಿಕ್ಸ್‌ನವನಿಗೆ ಹೈ ವೋಲ್ಟೇಜ್ ಮೇಲೆ ಕಣ್ಣು, ಲ್ಯಾಬ್ ಮೇಡಂಗೆ ಅವನ ಮೇಲೆ ಕಣ್ಣು. ಹಾಗಾಗಿ ಗಾಳಿ. ಮೀನಿನ ತೊಟ್ಟಿಯ ಏರ್ ಪಂಪ್ ಜೋಡಿಸಿ ಕಳೆದ ವಾರ ಮಾಡಿದ ಮಣಿ 1.9 ಮಿಲಿಮೀಟರ್. 1.5ಕ್ಕೆ ಇಳಿಸೋಕೆ ಇನ್ನೊಂದು ಪಂಪ್ ಬೇಕು. ಯಾರ ಮನೆಯಲ್ಲಾದರೂ ಮೀನು ಸತ್ತು ಪಂಪ್ ಸುಮ್ಮನೆ ಬಿದ್ದಿದ್ದರೆ ಕನ್ನಡ ಕ್ಲಬ್ಬಿನ ರೂಮಿನಲ್ಲಿ ಕೊಟ್ಟು ಹೋಗಿ. ಟ್ಯೂಬ್ ಇದ್ದರೆ ಅದನ್ನೂ.